ಜೋಡಿ ಚೀಟಿ

ಬೆಳಿಗ್ಗೆ ಹತ್ತಕ್ಕೆ ಆಗಬೇಕಿದ್ದ ಮತದಾನ ಹನ್ನೆರಡು ಹೊಡೆದರೂ ಆಗಿರಲಿಲ್ಲ. ಯಾಕೆ ಅಂದರೆ, ಡ್ವೇನ್ ಪ್ರುಯಿಟ್ ಎಂಬ ಮಹಾನುಭಾವ ಹತ್ತಕ್ಕೆ ಸರಿಯಾಗಿ ಎದ್ದುನಿಂತು, ಕೋಟಿನ ಗುಂಡಿ ಹಾಕಿಕೊಂಡು, "ಸಭಾಪತಿಗಳೇ, ಮಸೂದೆ ಇಡೀ ಓದಿಸ್ಬೇಕು ಅಂತ ನನ್ನ ಬೇಡಿಕೆ" ಎಂದುಬಿಟ್ಟಿದ್ದ. ಒಂದಲ್ಲ ಎರಡಲ್ಲ, ತೊಂಬತ್ತನಾಲ್ಕು ಪುಟ. ಒಬ್ಬ ಸದಸ್ಯ ಕೇಳಿದರೂ ಸಾಕು, ಅಕ್ಷರ ಬಿಡದೆ ಓದಿಸಲೇಬೇಕು, ಅದು ಅಮೆರಿಕದ ಆ ರಾಜ್ಯದ ಸೆನೆಟ್ಟಿನ ನಿಯಮ. ಹನ್ನೊಂದು ವರ್ಷದಿಂದ ಯಾರೂ ಕೇಳಿರಲಿಲ್ಲ. ಅಷ್ಟು ಕೆಲಸವಿಲ್ಲದವರು ಯಾರೂ ಇರಲಿಲ್ಲ ಅಂತಿಟ್ಟುಕೊಳ್ಳಿ.

ಓದುವವಳು ಗುಮಾಸ್ತೆ ಓಡೆಟ್. ಪಾಪ, ನಲವತ್ತನೇ ಪುಟಕ್ಕೆ ಅವಳ ಗಂಟಲು ಕಟ್ಟಿತು. ಬಿಸಿನೀರು ಕುಡಿದು, ಕನ್ನಡಕ ಒರೆಸಿಕೊಂಡು ಮತ್ತೆ ಶುರು ಮಾಡಿದಳು. ಕೇಳುವವರು ಯಾರು? ಕೆಲವರು ಪತ್ರಿಕೆ ಬಿಡಿಸಿದ್ದರು, ಕೆಲವರು ಡ್ರಾಯರಿನಲ್ಲಿಟ್ಟ ಸೂರ್ಯಕಾಂತಿ ಬೀಜ ಸುಲಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು, ಹಿಂದಿನ ಸಾಲಿನ ಮುದುಕರೊಬ್ಬರು ಬಾಯಿ ತೆರೆದು ನಿದ್ದೆ ಹೋಗಿದ್ದರು. ಹೊರಗೆ ಮಾರ್ಚ್ ತಿಂಗಳ ಕೊಳಕು ಹಿಮ ಕರಗಿ ಮೆಟ್ಟಿಲ ಮೇಲೆಲ್ಲ ಕೆಸರು.

ಆರ್ವಿಡ್ ಸ್ಟೆನ್ಸ್‌ಗಾರ್ಡ್ ಒಬ್ಬ ಮಾತ್ರ ನೆಟ್ಟಗೆ ಕೂತು ಕೇಳುತ್ತಿದ್ದ. ಅವನದು ಪ್ರುಯಿಟ್‌ನ ಪಕ್ಷವೇ. ಇಪ್ಪತ್ತೆರಡು ವರ್ಷದಿಂದ ಸೆನೆಟರು, ಊರಲ್ಲಿ ಧಾನ್ಯದ ಕಣಜ ನಡೆಸುವ ವ್ಯವಹಾರ, ಹೆಂಡತಿ ತೀರಿಕೊಂಡು ಆರು ವರ್ಷ. ಪ್ರತಿ ಚುನಾವಣೆಗೂ 'ಹೊಸ ತೆರಿಗೆಗೆ ಮತ ಹಾಕುವುದಿಲ್ಲ' ಎಂದು ಪಕ್ಷ ಕೊಟ್ಟ ಕಾಗದಕ್ಕೆ ಸಹಿ ಹಾಕಿದ್ದ, ಹಾಕಿದಂತೆಯೇ ನಡೆದುಕೊಂಡಿದ್ದ. ಉಳಿದವರು ಸಹಿ ಹಾಕುತ್ತಿದ್ದರು, ಆಮೇಲೆ ತೆರಿಗೆಗೆ 'ಶುಲ್ಕ' ಅಂತ ಹೆಸರಿಟ್ಟು ಕೈ ಎತ್ತುತ್ತಿದ್ದರು. ಇವನಿಗೆ ಆ ಚಾಲಾಕಿ ಬರುತ್ತಿರಲಿಲ್ಲ.

ಅವನ ಎಡಕ್ಕೆ ಎರಡಡಿಯ ಓಣಿ. ಓಣಿಯ ಆಚೆ ಎದುರು ಪಕ್ಷದ ಮೊದಲ ಕುರ್ಚಿ. ಅದು ವರ್ಲಾ ಶೀಲ್ಕೆಯದು. ಇವತ್ತು ಖಾಲಿ.

ಮಸೂದೆ ಅವಳದೇ. ಡಾಲರಿಗೆ ಅರ್ಧ ಸೆಂಟು ಮಾರಾಟ ತೆರಿಗೆ ಏರಿಸಿ, ಆ ದುಡ್ಡಲ್ಲಿ ಪಶ್ಚಿಮದ ಆರು ಕೌಂಟಿಗಳ ಆಸ್ಪತ್ರೆಗಳನ್ನೂ ಆಂಬ್ಯುಲೆನ್ಸನ್ನೂ ಉಳಿಸಿಕೊಳ್ಳೋದು. ಉಳಿಸದಿದ್ದರೆ ಜೂನ್ ಕೊನೆಗೆ ಮೂರು ಆಸ್ಪತ್ರೆಗಳಿಗೆ ಬೀಗ. ಅದರಲ್ಲೊಂದು ವರ್ಲಾಳ ಊರಾದ ಕಾರ್ವೆಲ್ಲಿನದು. ಈಗ ಅವಳು ಯಕೃತ್ತಿನ ಕ್ಯಾನ್ಸರಿನಿಂದ ಮಲಗಿದ್ದದ್ದೂ ಅದೇ ಆಸ್ಪತ್ರೆಯಲ್ಲಿ.

ಲೆಕ್ಕ ಸುಲಭದ್ದು. ಸೆನೆಟ್ಟಿನಲ್ಲಿ ಮೂವತ್ತಮೂರು ಜನ. ಮಸೂದೆಗೆ ಹದಿನೇಳು ಪರ, ಹದಿನಾರು ವಿರುದ್ಧ. ವರ್ಲಾ ಬರದಿದ್ದರೆ ಹದಿನಾರು, ಹದಿನಾರು. ಸಮವಾದರೆ ಮಸೂದೆ ಬಿದ್ದಂತೆ. ಇಂಥ ಹೊತ್ತಿಗೆ ಅಂತ ಹಿರಿಯರು ಒಂದು ಪದ್ಧತಿ ಮಾಡಿಟ್ಟಿದ್ದರು. ಒಬ್ಬರು ಕಾಯಿಲೆ ಬಿದ್ದು ಬರಲಾಗದಿದ್ದರೆ, ಎದುರು ಪಕ್ಷದವರೊಬ್ಬರು 'ನೀನಿಲ್ಲದಾಗ ನಾನೂ ಮತ ಹಾಕೋಲ್ಲ' ಅಂತ ಮಾತು ಕೊಡುತ್ತಾರೆ. ಅದಕ್ಕೆ ಜೋಡಿ ಅಂತ ಹೆಸರು. ಇಬ್ಬರೂ ಸಹಿ ಹಾಕಿದ ಚೀಟಿ ಗುಮಾಸ್ತೆಯ ಮೇಜಿಗೆ ಹೋಗುತ್ತದೆ. ಈಗೀಗ ಎರಡೂ ಪಕ್ಷದವರು ಹಾವು ಮುಂಗುಸಿಯಾಗಿರುವಾಗ ಜೋಡಿ ಕೇಳುವವರೂ ಇಲ್ಲ, ಕೊಡುವವರೂ ಇಲ್ಲ.

ವರ್ಲಾ ಕೇಳಿದ್ದಳು. ಹನ್ನೆರಡು ದಿನದ ಹಿಂದೆ, ಇದೇ ಓಣಿಯಲ್ಲಿ, ಮೇಜು ಹಿಡಿದುಕೊಂಡು ನಿಂತು. ಮುಖ ಅರಿಶಿನ ಬಳಿದಷ್ಟು ಹಳದಿಯಾಗಿತ್ತು.

"ಆರ್ವಿಡ್, ನಂಗೊಂದು ಜೋಡಿ ಕೊಡು."

"ನಿಮ್ಮ ಪಕ್ಷಕ್ಕೆ ಗತಿಗೇಡು ಬಂತಾ, ನನ್ನ ಹತ್ರ ಬರೋಕೆ?"

"ನಿಮ್ಮಲ್ಲಿ ಬೇರೆ ಯಾರನ್ನ ಕೇಳಲಿ? ಪ್ರುಯಿಟ್‌ನ ಕೇಳಿದ್ರೆ ಎಡಗೈಲಿ ಚೀಟಿ ಕೊಟ್ಟು ಬಲಗೈಲಿ ಹರೀತಾನೆ."

"ನಂಗೆ ಈ ತೆರಿಗೆ ಬೇಡ ವರ್ಲಾ. ಅದು ನಿಂಗೆ ಗೊತ್ತು."

"ಬೇಕು ಅನ್ನು ಅಂತ ಕೇಳ್ದೆನಾ? ನಿಂಗೆ ತೆರಿಗೆ ಅಂದ್ರೆ ಹಾವು ತುಳಿದ ಹಾಗೆ, ಇಪ್ಪತ್ತೆರಡು ವರ್ಷದಿಂದ ನೋಡ್ತಿದೀನಿ. ಸುಮ್ನೆ ಕೂತ್ಕೋ ಅಂದೆ ಅಷ್ಟೇ. ನಾನು ಇಲ್ಲಿದ್ದಿದ್ರೆ ನಿನ್ನ ಮತಕ್ಕೆ ನನ್ನ ಮತ ವಜಾ ಆಗಿಹೋಗ್ತಿತ್ತು. ನಾನಿಲ್ಲದಾಗ ಅದನ್ನ ತಗೊಂಡು ನನ್ನ ಬೆನ್ನಿಗೆ ಚುಚ್ಬೇಡ."

ನ್ಯಾಯದ ಮಾತು ಅನ್ನಿಸಿತು ಆರ್ವಿಡ್‌ಗೆ. ಸಹಿ ಹಾಕಿದ. ಪ್ರುಯಿಟ್ ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಮುಂದಿನ ಚುನಾವಣೆಗೆ ನಿನ್ನ ಜಾಗಕ್ಕೆ ಬೇರೆಯವರನ್ನ ನಿಲ್ಲಿಸಬೇಕಾಗುತ್ತೆ ಎಂದು ಯಾರ ಕೈಲೋ ಹೇಳಿಸಿದ. ಹೇಳಿಸಲಿ ಬಿಡು ಅಂತ ಆರ್ವಿಡ್ ಸುಮ್ಮನಿದ್ದ. ಕೊಟ್ಟ ಮಾತು ಕೊಟ್ಟದ್ದೇ.

ಹೀಗಿರುವಾಗ ಓಡೆಟ್ ಎಪ್ಪತ್ತನೇ ಪುಟ ಮುಗಿಸುವ ಹೊತ್ತಿಗೆ ಪ್ರುಯಿಟ್ ಬಂದು ಆರ್ವಿಡ್‌ನ ಕುರ್ಚಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಬೆಳಗಿನಿಂದ ಇದು ಮೂರನೇ ಸಲ.

"ವರ್ಲಾ ಹೇಗಿದಾಳಂತೆ?"

"ಆಗಲೇ ಹೇಳಿದ್ನಲ್ಲ. ನಂಗೆ ಗೊತ್ತಿಲ್ಲ."

"ಇಲ್ಲ, ಪಾಪ, ತುಂಬಾ ಸೀರಿಯಸ್ಸು ಅಂತ ನಿನ್ನೆ ಸಂಜೆ ಕೇಳ್ದೆ. ರಾತ್ರಿ ಕಳೀಲಾರಳು ಅಂದ್ರು. ಅವಳ ಮಗಳು ನಿಂಗೆ ಫೋನ್ ಮಾಡ್ತಾಳಲ್ವಾ?"

ಆರ್ವಿಡ್ ಅವನ ಮುಖ ನೋಡಿದ. ಒಳ್ಳೆ ಕ್ಷೌರ ಮಾಡಿಸಿಕೊಂಡ, ನುಣ್ಣನೆಯ, ಕಾಳಜಿ ತುಂಬಿದ ಮುಖ. ತೊಂಬತ್ತನಾಲ್ಕು ಪುಟ ಓದಿಸುವುದು ಯಾಕೆ ಎನ್ನುವುದು ಆರ್ವಿಡ್‌ನ ತಲೆಗೆ ಹೋದದ್ದು ಆಗ.

"ನೀನು ಪುಟ ಮುಗಿಯೋದನ್ನ ಕಾಯ್ತಿಲ್ಲ," ಎಂದ.

"ಏನು?"

"ಅವಳು ಸಾಯೋದನ್ನ ಕಾಯ್ತಿದೀಯ."

ಪ್ರುಯಿಟ್ ಕೋಪ ಮಾಡಿಕೊಳ್ಳಲಿಲ್ಲ. ಮಂಡಿಯ ಮೇಲಿನ ಧೂಳು ಕೊಡವಿಕೊಂಡ. "ನಿಯಮ ನಾನು ಬರ್ದದ್ದಲ್ಲ ಮಾರಾಯ. ಬದುಕಿರೋ ಸದಸ್ಯರಿಗೆ ಮಾತ್ರ ಜೋಡಿ. ಸತ್ತವರಿಗೆ ಮತ ಇಲ್ಲ, ಮತ ಇಲ್ಲದವರಿಗೆ ಜೋಡಿ ಎಲ್ಲಿಂದ ಬರ್ಬೇಕು? ಆಗ ನೀನೂ ಹಾಕ್ಲೇಬೇಕು, ಕೂತಲ್ಲಿಂದ ತಪ್ಪಿಸ್ಕೊಳ್ಳೋ ಹಾಗಿಲ್ಲ. ನಾನು ಅವಳಿಗೆ ಕೆಟ್ಟದ್ದು ಬಯಸ್ತಿಲ್ಲ. ಕಾಯ್ತಿದೀನಿ, ಅಷ್ಟೇ."

ಹದ್ದೂ ಅಷ್ಟೇ, ಕೆಟ್ಟದ್ದು ಬಯಸುವುದಿಲ್ಲ, ಕಾಯುತ್ತದೆ. ಆರ್ವಿಡ್‌ಗೆ ಮೈಯೆಲ್ಲ ಉರಿದುಹೋಯಿತು. ಆದರೆ ನಿಯಮ ಇದ್ದದ್ದು ಹಾಗೆಯೇ. ಇವನೇ ಅದನ್ನು ಹೊಸಬರಿಗೆಲ್ಲ ಹೇಳಿಕೊಟ್ಟವನು.

ಹನ್ನೆರಡೂವರೆಗೆ ಜೇಬಿನಲ್ಲಿ ಫೋನು ನಡುಗಿತು. ಜೋಲೀನ್. ವರ್ಲಾಳ ಒಬ್ಬಳೇ ಮಗಳು, ಕಾರ್ವೆಲ್ಲಿನಲ್ಲಿ ಆಂಬ್ಯುಲೆನ್ಸ್ ಓಡಿಸುವವಳು. ಚಿಕ್ಕಂದಿನಿಂದ ಆರ್ವಿಡ್‌ನನ್ನು ಅಂಕಲ್ ಅಂತಲೇ ಕರೆದು ರೂಢಿ. ಅವನು ಎದ್ದು ಕಾರಿಡಾರಿಗೆ ಬಂದ. ಕಿಟಕಿಯ ಹತ್ತಿರ ನಿಂತು ಕಿವಿಗಿಟ್ಟುಕೊಂಡ.

"ಅಂಕಲ್, ಅಮ್ಮ ಹೋದ್ಲು."

"ಯಾವಾಗಮ್ಮ?"

"ಹನ್ನೊಂದು ಇಪ್ಪತ್ತಕ್ಕೆ. ವೋಟು ಮುಗಿದ ಮೇಲೆ ಮೊದಲು ನಿಮಗೇ ಹೇಳು ಅಂದಿದ್ಲು. ಹತ್ತು ಗಂಟೆಗೆ ಇತ್ತಲ್ಲ, ಅದಕ್ಕೇ ಇಷ್ಟು ಹೊತ್ತು ಬಿಟ್ಟು ಮಾಡ್ತಿದೀನಿ." ಉಸಿರೆಳೆದುಕೊಂಡಳು. "ಆಯ್ತಲ್ವಾ ಅಂಕಲ್? ಪಾಸಾಯ್ತಾ?"

ಬಾಗಿಲ ಒಳಗಿನಿಂದ ಓಡೆಟ್‌ಳ ದನಿ ಸಣ್ಣಗೆ ಕೇಳುತ್ತಿತ್ತು, ಎಂಬತ್ತೊಂದನೇ ಪುಟ, ಉಪವಿಧಿ ನಾಲ್ಕು. ಆಗಿಲ್ಲ ಅಂದರೆ ಏನಾಗುತ್ತದೆ ಆ ಹುಡುಗಿಗೆ? ತಾಯಿ ಸತ್ತು ಒಂದು ಗಂಟೆ ಆಗಿದೆ. ತಾನು ಮಾಡಿದ ಈ ಫೋನು ಏನು ಮಾಡಿತು ಅಂತ ಈಗಲೇ ತಿಳಿಯಬೇಕಾ?

"ಆಯ್ತಮ್ಮ," ಎಂದ. "ಪಾಸಾಯ್ತು."

ಆ ಕಡೆ ಜೋಲೀನ್ ಅಳತೊಡಗಿದಳು. ಅಳುತ್ತಲೇ ನಕ್ಕಂತೆಯೂ ಕೇಳಿಸಿತು. "ಥ್ಯಾಂಕ್ಸ್ ಅಂಕಲ್," ಎಂದು ಫೋನಿಟ್ಟಳು.

ಆರ್ವಿಡ್ ಅಲ್ಲೇ ನಿಂತ. ಕಿಟಕಿಯ ಗಾಜಿಗೆ ಹಣೆ ಹಚ್ಚಿ ಅತ್ತ. ಇಪ್ಪತ್ತೆರಡು ವರ್ಷ ಆ ಹೆಂಗಸಿನ ಜೊತೆ ಜಗಳವಾಡಿದ್ದ. ಹೆಂಡತಿ ಹೋದಾಗ ಮೂರು ಗಂಟೆ ಕಾರು ಓಡಿಸಿಕೊಂಡು ಆಲೂಗಡ್ಡೆ ಸೂಪು ತಂದಿಟ್ಟು, ಒಂದೂ ಮಾತಾಡದೆ ಪಾತ್ರೆ ತೊಳೆದಿಟ್ಟು ಹೋದವಳು ಅವಳು.

ಆಮೇಲೆ ತಲೆ ಓಡಿತು. ಒಳಗೆ ಯಾರಿಗೂ ಗೊತ್ತಿಲ್ಲ. ಚೀಟಿ ಓಡೆಟ್‌ಳ ಮೇಜಿನ ಮೇಲಿದೆ. ಅವನ ಹೆಸರು ಕೂಗಿದಾಗ 'ಜೋಡಿ ಇದೆ' ಅಂದರೆ ಮುಗಿಯಿತು, ಹದಿನಾರು, ಹದಿನೈದು, ಪಾಸು. ಅಥವಾ ಅದೂ ಬೇಡ. ಟೋಪಿ ತಗೊಂಡು ಮೆಟ್ಟಿಲಿಳಿದು ಮನೆಗೆ ಹೋದರೂ ಸಾಕು. ಇಲ್ಲದವನ ಮತ ಯಾರು ಎಣಿಸುತ್ತಾರೆ? ಸುಮ್ಮನಿರೋದು ಸುಳ್ಳಲ್ಲ ಅಂತ ತನಗೆ ತಾನೇ ಹೇಳಿಕೊಂಡ. ನಿಂತೇ ಇದ್ದ. ಅಷ್ಟರಲ್ಲಿ ಬಾಗಿಲು ಕಾಯುವವನು, "ಬಾಗಿಲು ಹಾಕ್ತಿದೀವಿ, ಒಳಗೆ ಬನ್ನಿ" ಎಂದು ಕೂಗಿದ. ಕೂಗಿದ ತಕ್ಷಣ ಆರ್ವಿಡ್‌ನ ಕಾಲುಗಳು ತಾವಾಗಿಯೇ ಒಳಕ್ಕೆ ನಡೆದವು. ಇಪ್ಪತ್ತೆರಡು ವರ್ಷದ ರೂಢಿ, ಏನು ಮಾಡುತ್ತೀರಿ? ಕುರ್ಚಿಯಲ್ಲಿ ಕೂತ ಮೇಲೆ, ಬಾಗಿಲಿಗೆ ಚಿಲಕ ಬಿದ್ದ ಸದ್ದು ಕೇಳಿದ ಮೇಲೆ, ಅಯ್ಯೋ ಮೂರ್ಖ ಅನ್ನಿಸಿತು.

ಪ್ರುಯಿಟ್ ತನ್ನ ಜಾಗದಿಂದ ಅವನ ಮುಖವನ್ನೇ ನೋಡುತ್ತಿದ್ದ. ಕಣ್ಣು ಕೆಂಪಾದದ್ದನ್ನು ಮುಚ್ಚಿಡಲು ಆರ್ವಿಡ್‌ಗೆ ಹೊಳೆಯಲಿಲ್ಲ.

ಒಂದೂಕಾಲಿಗೆ ಓಡೆಟ್ ಕೊನೆಯ ಪುಟ ಮಗುಚಿಟ್ಟಳು. ಹೆಸರು ಕೂಗುವುದು ಶುರುವಾಯಿತು. ಹೌದು, ಇಲ್ಲ, ಇಲ್ಲ, ಹೌದು. ಆರ್ವಿಡ್ ಮೇಜಿನ ಅಂಚು ಹಿಡಿದುಕೊಂಡು ಕೂತಿದ್ದ. ಎರಡು ವಾಕ್ಯ ಹೇಳಬೇಕು, ಅಷ್ಟೇ. ಶೀಲ್ಕೆಯವರ ಜೊತೆ ನನಗೆ ಜೋಡಿ ಇದೆ. ಆದ್ದರಿಂದ ನಾನು ಮತ ಹಾಕುತ್ತಿಲ್ಲ. ಮನಸ್ಸಿನಲ್ಲೇ ಎಂಟು ಹತ್ತು ಸಲ ಹೇಳಿಕೊಂಡ.

"ಸೆನೆಟರ್ ಸ್ಟೆನ್ಸ್‌ಗಾರ್ಡ್."

ಎದ್ದುನಿಂತ. "ಸೆನೆಟರ್ ಶೀಲ್ಕೆಯವರ ಜೊತೆ ನನಗೆ ಜೋಡಿ ಇದೆ. ಅವರಿದ್ದಿದ್ದರೆ ಹೌದು ಅಂತಿದ್ರು, ನಾನು ಇಲ್ಲ ಅಂತಿದ್ದೆ. ಆದ್ದರಿಂದ ನಾನು ಮತ ಹಾಕ್ತಿಲ್ಲ."

ಆಗಿಹೋಯಿತು. ಹೇಳಿಯೇಬಿಟ್ಟಿದ್ದ. ಕೂರಲು ಮಂಡಿ ಬಗ್ಗಿಸಿದ.

"ಸಭಾಪತಿಗಳೇ, ಒಂದು ಪ್ರಶ್ನೆ." ಪ್ರುಯಿಟ್ ಎದ್ದಿದ್ದ. ದನಿಯಲ್ಲಿ ಬೆಣ್ಣೆ. "ಸನ್ಮಾನ್ಯ ಸ್ಟೆನ್ಸ್‌ಗಾರ್ಡ್ ಅವರು ಕಾರಿಡಾರಿಗೆ ಹೋಗಿ ಫೋನಲ್ಲಿ ಮಾತಾಡಿ ಬಂದ್ರು. ಜೋಡಿ ಈಗಲೂ ಇದೆ ಅಂತ ಅವರಿಗೆ ಖಾತ್ರಿ ಇದೆಯಾ? ಸೆನೆಟರ್ ಶೀಲ್ಕೆ ಜೀವಂತ ಇದಾರೆ ಅಂತ ಅವರು ಇಲ್ಲಿ ನಿಂತು ಹೇಳ್ತಾರಾ?"

ಎದುರು ಪಕ್ಷದ ಸಾಲಿನಲ್ಲಿ ಗದ್ದಲವೆದ್ದಿತು. "ನಾಚಿಕೆ ಆಗ್ಬೇಕು" ಅಂತ ಯಾರೋ ಅಂದರು. ಸಭಾಪತಿ ಸುತ್ತಿಗೆ ಕುಟ್ಟಿ, "ಪ್ರಶ್ನೆ ನಿಯಮದ ಒಳಗೇ ಇದೆ. ಸೆನೆಟರ್ ಸ್ಟೆನ್ಸ್‌ಗಾರ್ಡ್, ಉತ್ತರ ಹೇಳಿ," ಎಂದರು.

ಹೌದು ಅನ್ನೋ ಒಂದು ಮಾತು. ಮುಕ್ಕಾಲು ಗಂಟೆ ಹಿಂದೆ ಫೋನಿನಲ್ಲಿ ಎಷ್ಟು ಸಲೀಸಾಗಿ ಬಂದಿತ್ತು. ಈಗ ಮೂವತ್ತೊಂದು ಮುಖಗಳು, ಮೇಲೆ ಪತ್ರಕರ್ತರು, ಪೆನ್ಸಿಲ್ ಹಿಡಿದ ಓಡೆಟ್. ಈ ಕೋಣೆಯಲ್ಲಿ ನೇರವಾಗಿ ಕೇಳಿದ ಪ್ರಶ್ನೆಗೆ ಅವನು ಎಂದೂ ಇಲ್ಲದ್ದನ್ನು ಹೇಳಿದವನಲ್ಲ. ಹೇಳಬೇಕು ಅಂತ ಬಾಯಿ ತೆರೆದ, ತೆರೆದ ಬಾಯಿಂದ ಬಂದದ್ದು ಬೇರೆ.

"ಇಲ್ಲ," ಎಂದ. "ಅವರು ಹನ್ನೊಂದು ಇಪ್ಪತ್ತಕ್ಕೆ ತೀರಿಕೊಂಡ್ರು."

ಸಭಾಪತಿ ಎದ್ದುನಿಂತರು, ಎಲ್ಲರೂ ನಿಂತರು. ಒಂದು ನಿಮಿಷದ ಮೌನ. ಓಡೆಟ್ ಮೇಜಿನ ಮೇಲೆ ತಲೆಯಿಟ್ಟು ಬಿಕ್ಕುತ್ತಿದ್ದಳು. ಪ್ರುಯಿಟ್ ತಲೆ ತಗ್ಗಿಸಿ, ಕೈಮುಗಿದು, ಕಣ್ಣು ಮುಚ್ಚಿ ನಿಂತಿದ್ದ. ಅವನ ಕಣ್ಣಂಚು ಒದ್ದೆಯಾಗಿದ್ದದ್ದು ನಿಜ ಅಂತ ಆಮೇಲೆ ಕಂಡವರೇ ಹೇಳಿದರು. ಒಂದು ನಿಮಿಷ ಮುಗಿಯಿತು. ಎಲ್ಲರೂ ಕೂತರು.

"ಜೋಡಿ ರದ್ದಾಯ್ತು," ಎಂದರು ಸಭಾಪತಿ. "ಸೆನೆಟರ್ ಸ್ಟೆನ್ಸ್‌ಗಾರ್ಡ್, ನಿಮ್ಮ ಮತ."

ಎದುರು ಸಾಲಿನವರೆಲ್ಲ ಅವನನ್ನೇ ನೋಡುತ್ತಿದ್ದರು. ಹೌದು ಅಂದರೆ ಪಾಸು. ಅಂದುಬಿಡಲಾ? ಆದರೆ ಅವನಿಗೆ ಈ ತೆರಿಗೆ ಸರಿ ಅಂತ ಎಂದೂ ಅನ್ನಿಸಿರಲಿಲ್ಲ. ಬೇಡ ಅಂತ ಸಹಿ ಹಾಕಿದ್ದ, ಬೇಡ ಅಂತ ಮನೆ ಮನೆಗೆ ಹೋಗಿ ಹೇಳಿದ್ದ, ಈಗ ತಾನೇ ಎದ್ದುನಿಂತು 'ನಾನು ಇಲ್ಲ ಅಂತಿದ್ದೆ' ಎಂದೂ ಹೇಳಿದ್ದ. ನಿಜ ಹೇಳೋಕೆ ಶುರು ಮಾಡಿದ ಮೇಲೆ ನಡುವೆ ನಿಲ್ಲಿಸೋದು ಹೇಗೆ ಅಂತ ಅವನಿಗೆ ತಿಳಿಯಲಿಲ್ಲ.

"ಇಲ್ಲ."

ಹದಿನಾರು, ಹದಿನಾರು. ಮಸೂದೆ ಬಿತ್ತು. ಸುತ್ತಿಗೆ ಬಡಿಯಿತು. ಸದಸ್ಯರು ಊಟಕ್ಕೆ ಎದ್ದರು. ಪ್ರುಯಿಟ್ ಓಣಿಯಲ್ಲಿ ಬಂದು ಆರ್ವಿಡ್‌ನ ಭುಜದ ಮೇಲೆ ಕೈಯಿಟ್ಟು, "ನಿನ್ನಂಥ ಪ್ರಾಮಾಣಿಕರು ಈ ಕಾಲದಲ್ಲಿ ಇಲ್ಲ ಕಣಯ್ಯಾ," ಎಂದ. ಆ ಕೈಯನ್ನು ತೆಗೆದುಹಾಕುವಷ್ಟು ಶಕ್ತಿಯೂ ಆರ್ವಿಡ್‌ಗೆ ಉಳಿದಿರಲಿಲ್ಲ.

ಮಧ್ಯಾಹ್ನದಿಂದ ಜೋಲೀನ್‌ಳ ನಂಬರು ಒತ್ತುತ್ತಲೇ ಇದ್ದ. ಅವಳು ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಕಾರು ಹತ್ತಿ ಕಾರ್ವೆಲ್ಲಿಗೆ ಹೊರಟ. ನಾಲ್ಕು ಗಂಟೆಯ ದಾರಿ, ಎರಡೂ ಕಡೆ ಒದ್ದೆ ಗೋಧಿ ಹೊಲ. ದಾರಿಯುದ್ದಕ್ಕೂ ಏನು ಹೇಳಲಿ ಎಂದು ಯೋಚಿಸಿದ, ಒಂದೂ ಸರಿಹೋಗಲಿಲ್ಲ.

ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ಜೋಲೀನ್ ಆಂಬ್ಯುಲೆನ್ಸಿನೊಳಗೆ ಆಮ್ಲಜನಕದ ಸಿಲಿಂಡರುಗಳನ್ನು ಪರೀಕ್ಷಿಸುತ್ತಿದ್ದಳು. ತಾಯಿಯನ್ನು ಮಣ್ಣು ಮಾಡುವುದು ಶನಿವಾರ, ಅಲ್ಲಿಯವರೆಗೆ ಪಾಳಿಗೆ ಬೇರೆ ಜನ ಇರಲಿಲ್ಲ. ಇವನನ್ನು ನೋಡಿಯೂ ಕೆಳಗಿಳಿಯಲಿಲ್ಲ. ಆರ್ವಿಡ್ ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ನಿನ್ನೆ ಫೋನಿಟ್ಟವಳೇ ಹೊರಗೆ ಬಂದು ಎಲ್ಲರಿಗೂ ಹೇಳ್ದೆ," ಎಂದಳು ಜೋಲೀನ್. "ಪಾಸಾಯ್ತು ಅಂತ. ನರ್ಸುಗಳು ಬಂದ್ರು, ಅಡುಗೆಮನೆಯವರೂ ಬಂದ್ರು. ಅಮ್ಮ ಒಳಗೆ ಮಲಗಿದಾಳೆ, ನಾವು ಹೊರಗೆ ಚಪ್ಪಾಳೆ ತಟ್ತಾ ಇದೀವಿ. ಎರಡು ಗಂಟೆಗೆ ರೇಡಿಯೋದಲ್ಲಿ ಬಂತು."

"ತಪ್ಪಾಯ್ತಮ್ಮ."

"ಯಾವುದು ತಪ್ಪಾಯ್ತು? ನನಗೆ ಸುಳ್ಳು ಹೇಳಿದ್ದಾ, ಅವರಿಗೆ ನಿಜ ಹೇಳಿದ್ದಾ?"

ಜೋಲೀನ್ ಇನ್ನೊಂದು ಸಿಲಿಂಡರಿನ ಮುಳ್ಳು ನೋಡಿದಳು.

"ಅಮ್ಮನಿಗೆ ಎಲ್ಲಾ ಗೊತ್ತಿತ್ತು," ಎಂದಳು ಅವಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅದೇ ಕಷ್ಟವಾಗಿತ್ತು. "ನಾನು ಸತ್ರೂ ಎಣಿಕೆ ಮುಗಿಯೋವರೆಗೆ ಯಾರಿಗೂ ಹೇಳ್ಬೇಡ, ಮುಖ್ಯವಾಗಿ ಆರ್ವಿಡ್‌ಗೆ ಹೇಳ್ಬೇಡ, ಗೊತ್ತಾದ್ರೆ ಅವನು ತಡ್ಕೊಳ್ಳಲ್ಲ ಅಂದಿದ್ಲು. ಅದಕ್ಕೇ ಒಂದು ಗಂಟೆ ಬಾಗಿಲು ಹಾಕ್ಕೊಂಡು ಅಮ್ಮನ ಪಕ್ಕ ಕೂತಿದ್ದೆ. ಅಳೋ ಸದ್ದು ಹೊರಗೆ ಹೋಗ್ಬಾರ್ದು ಅಂತ ಬಾಯಿಗೆ ಟವೆಲ್ ಇಟ್ಕೊಂಡು. ಹತ್ತಕ್ಕೆ ವೋಟು ಅಂದ್ರೆ ಹನ್ನೆರಡೂವರೆಗೆ ಮುಗಿದಿರುತ್ತೆ ಅಂದ್ಕೊಂಡೆ. ಕೂತು ಪುಸ್ತಕ ಓದಿಸ್ತಾರೆ ಅಂತ ನಂಗೇನು ಗೊತ್ತು?"

"ಅದು ನಿಂಗೆ ಹೇಗೆ ಗೊತ್ತಾಗ್ಬೇಕು ಜೋಲೀನ್."

ಅವಳು ಸಿಲಿಂಡರಿನ ಮೇಲಿಂದ ಕೈ ತೆಗೆದು ಮೊದಲ ಸಲ ಅವನ ಕಡೆಗೆ ತಿರುಗಿದಳು. "ನಾನು ಫೋನ್ ಮಾಡ್ದೇ ಇದ್ದಿದ್ರೆ ಪಾಸಾಗ್ತಿತ್ತು, ಅಲ್ವಾ?"

ಇದಕ್ಕೆ ಏನು ಹೇಳಬೇಕು ಅಂತ ಆರ್ವಿಡ್‌ಗೆ ನಾಲ್ಕು ಗಂಟೆಯ ದಾರಿಯಲ್ಲಿ ಹೊಳೆಯದಿದ್ದದ್ದು ಈಗ ಹೊಳೆಯಿತು.

"ಇಲ್ಲಮ್ಮ," ಎಂದ, ಅವಳ ಕಣ್ಣನ್ನೇ ನೋಡಿಕೊಂಡು. "ನೀನು ಫೋನ್ ಮಾಡೋಕೆ ಮುಂಚೇನೇ ಪ್ರುಯಿಟ್‌ಗೆ ಗೊತ್ತಾಗಿತ್ತು. ಆಸ್ಪತ್ರೆಯಿಂದ ಯಾರೋ ತಿಳಿಸಿದ್ರಂತೆ. ನಿನ್ನ ಫೋನಿಂದ ಏನೂ ಆಗ್ಲಿಲ್ಲ."

ಒಂದಿಷ್ಟೂ ತಡವರಿಸದೆ ಹೇಳಿದ.

"ಫೋನ್ ಮಾಡೋವರೆಗೆ ಆ ಕೋಣೇಲಿ ಇದ್ದದ್ದು ಇಬ್ರೇ ಅಂಕಲ್, ನಾನು ಮತ್ತೆ ಡಾಕ್ಟರು. ಡಾಕ್ಟರು ನನ್ನ ಜೊತೇಲೇ ಕೂತಿದ್ರು." ಅವಳು ಮತ್ತೆ ಸಿಲಿಂಡರಿನ ಕಡೆ ತಿರುಗಿದಳು. "ನಂಗೆ ಎರಡು ಸಲ ಸುಳ್ಳು ಹೇಳಿದ್ರಿ. ಅಲ್ಲಿ ಒಂದು ಸಲ ಹೇಳೋಕಾಗ್ಲಿಲ್ವಾ?"